ಪೀಪಾಯಿ ಸ್ಟೌಟ್‌ಗಳ ಹೋಲಿಕೆ: ಚಳಿಗಾಲದ ಪ್ರಗತಿ ವರದಿ

ಬರ್ಬನ್ ವಿಸ್ಕಿ ತೆಗೆದ ಓಕ್ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಟ್ಟು ಹದಗೊಳಿಸಿದ ಸ್ಟೌಟ್ ಎಂಬ, ಹುರಿದ ಬಾರ್ಲಿಯ ಕಪ್ಪು ಬಿಯರ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವ ನಮ್ಮ ಹವ್ಯಾಸಕ್ಕೆ ಮೊದಲು ಇದ್ದದ್ದು ಒಂದೇ ಪಟ್ಟಿ. ಯಾವುದು ಹೆಚ್ಚು ರುಚಿ ಎಂಬುದಷ್ಟೇ ಅದರಲ್ಲಿ ದಾಖಲಾಗುತ್ತಿತ್ತು. ಷಿಕಾಗೋ ಹೊರವಲಯದ ನಮ್ಮ ಕನ್ನಡ ಗೆಳೆಯರ ಗುಂಪು ಈ ಚಳಿಗಾಲದಿಂದ ಎರಡನೆಯ ಪಟ್ಟಿಯನ್ನೂ ಇಡತೊಡಗಿದೆ: ಅದೇ ಬಾಟಲಿಯನ್ನು ಕೊಟ್ಟರೆ ಇತರ ಹವ್ಯಾಸಿಗಳಿಂದ ಬದಲಿಗೆ ಏನು ಸಿಗುತ್ತದೆ ಎಂಬುದರ ಲೆಕ್ಕ. ಈ ಎರಡೂ ಪಟ್ಟಿಗಳು ಜೊತೆಜೊತೆಯಾಗಿ ಸಾಗುತ್ತವೆಯೇ ಎಂದು ನೋಡುವುದು ನಮ್ಮ ಉದ್ದೇಶ.

ನವೆಂಬರ್ ಕೊನೆ

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಗೂಸ್ ಐಲೆಂಡ್ ಕಂಪನಿಯ ಬರ್ಬನ್ ಕೌಂಟಿ ಸ್ಟೌಟ್ ಅಂಗಡಿಗೆ ಬರುವುದು ಇಲ್ಲಿ ನಡೆದುಬಂದ ರೂಢಿ. ಈ ಬಗೆಯ ಬಿಯರ್‌ಗೆ ದಾರಿ ಹಾಕಿಕೊಟ್ಟದ್ದೇ ಅದಾದ್ದರಿಂದ ನಮ್ಮ ಹೋಲಿಕೆಗೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡೆವು. ಆ ಕಂಪನಿಯ ಗ್ರೆಗ್ ಹಾಲ್ ಅವರು ಜಿಮ್ ಬೀಮ್ ವಿಸ್ಕಿ ಮನೆತನದ ಬುಕರ್ ನೋ ಅವರ ಪರಿಚಯವಾದ ಮೇಲೆ ಅಲ್ಲಿಂದ ಖಾಲಿ ಪೀಪಾಯಿಗಳನ್ನು ತರಿಸಿ, ಅವುಗಳಲ್ಲಿ ಇಂಪೀರಿಯಲ್ ಸ್ಟೌಟ್, ಅಂದರೆ ಮದ್ಯಾಂಶ ಹೆಚ್ಚಿರುವ ಗಟ್ಟಿ ಸ್ಟೌಟ್, ತುಂಬಿಸಿಟ್ಟರು. ಅದು ನಡೆದದ್ದು 1992ರಲ್ಲಿ ಎಂದು ಕಂಪನಿ ಬಹುಕಾಲ ಹೇಳಿಕೊಂಡು ಬಂದಿದೆ. ಇಲ್ಲ, 1995 ಎಂದು ವಾದಿಸುವವರೂ ಇದ್ದಾರೆ. 2011ರಲ್ಲಿ ಆನ್‌ಹೈಸರ್-ಬುಷ್ ಇನ್‌ಬೆವ್ ಎಂಬ ದೈತ್ಯ ಬಿಯರ್ ಸಂಸ್ಥೆ ಗೂಸ್ ಐಲೆಂಡನ್ನು 3.88 ಕೋಟಿ ಡಾಲರಿಗೆ ಕೊಂಡಿತು. ಆಮೇಲೆ ಈ ಸ್ಟೌಟ್ ಹೆಚ್ಚು ಊರುಗಳಿಗೆ ಹೋಗತೊಡಗಿತು, ಹವ್ಯಾಸಿಗಳಲ್ಲಿ ಒಂದು ವರ್ಗ ಮೂಗು ಮುರಿಯತೊಡಗಿತು.

ಪೀಪಾಯಿ ಮಾಡುವ ಕೆಲಸವನ್ನು ತಿಳಿದುಕೊಳ್ಳದೆ ಅಂಕ ಕೊಡುವುದರಲ್ಲಿ ಅರ್ಥವಿಲ್ಲ. ಅಮೆರಿಕದ ಕಾನೂನಿನಂತೆ ಬರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್‌ನಲ್ಲೇ ಇಡಬೇಕು; ಆದ್ದರಿಂದ ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬರ್ಬನ್‌ಗೆ ಒದಗುವುದಿಲ್ಲ, ಬೇರೆಯವರಿಗೆ ಮಾರಾಟವಾಗುತ್ತದೆ. (ಬೆಂಗಳೂರಿನ ಅಮೃತ್ ಡಿಸ್ಟಿಲರಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಗೆ ಬಳಸುವುದೂ ಬಹುಮಟ್ಟಿಗೆ ಇಂಥ ಪೀಪಾಯಿಗಳನ್ನೇ.) ಸುಮಾರು 200 ಲೀಟರ್ ಹಿಡಿಯುವ ಪೀಪಾಯಿಯ ಹಲಗೆಗಳು ಸಾಕಷ್ಟು ವಿಸ್ಕಿಯನ್ನು ಹೀರಿಕೊಂಡಿರುತ್ತವೆ. ಸ್ಟೌಟ್ ಒಳಗೆ ಬಂದ ಮೇಲೆ, ಸೆಕೆಗೆ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಗೆ ಕುಗ್ಗಿ ಹೊರಬರುತ್ತದೆ. ಬರುವಾಗ ವಿಸ್ಕಿಯ ಜೊತೆಗೆ ಮರದ ಲಿಗ್ನಿನ್‌ನಿಂದ ವೆನಿಲಾದ ಪರಿಮಳವನ್ನು, ಓಕ್‌ನ ಲ್ಯಾಕ್ಟೋನ್‌ಗಳಿಂದ ಕೊಬ್ಬರಿಯ ವಾಸನೆಯನ್ನು, ಟ್ಯಾನಿನ್‌ನಿಂದ ಒಗರನ್ನು ಹೊತ್ತು ತರುತ್ತದೆ. ಬಿಯರ್‌ಗೆ ವೆನಿಲಾ ಕಾಯಿಯನ್ನು ಹಾಕದೆಯೂ ವೆನಿಲಾ ರುಚಿ ಬರುವುದು ಹೀಗೆ.

ಡಿಸೆಂಬರ್

ಎರಡನೆಯ ಪಟ್ಟಿಯ ಕೆಲಸ. ಅನುಮತಿ ಇಲ್ಲದವರು ಮದ್ಯ ಮಾರುವಂತಿಲ್ಲ, ಅಂಚೆಯಲ್ಲಿ ಕಳಿಸುವುದಂತೂ ನಿಷಿದ್ಧ. ಆದ್ದರಿಂದ ಹವ್ಯಾಸಿಗಳು ಹೇಳಿಕೊಳ್ಳುವುದು ಕೊಳ್ಳುವ ಮಾರುವ ಮಾತನ್ನಲ್ಲ, ಬದಲಿ ಮಾಡಿಕೊಳ್ಳುವ ಮಾತನ್ನು. ಬೇಕಾದದ್ದನ್ನು ‘ಐಎಸ್ಓ’ ಎಂದು, ಕೊಡಲು ಇರುವುದನ್ನು ‘ಎಫ್‌ಟಿ’ ಎಂದು ಗುರುತು ಹಾಕಿ ಕೇಳುತ್ತಾರೆ. ಅಂಗಡಿ ಬೆಲೆಗೆ ಅಂಗಡಿ ಬೆಲೆಯನ್ನು ಸರಿದೂಗಿಸಿ ಬದಲಾಯಿಸಿಕೊಳ್ಳುವವರು ಒಂದು ಗುಂಪು. ಕದ್ದುಮುಚ್ಚಿ ನಡೆಯುವ ಮರುಮಾರಾಟದ ದರವನ್ನು ಮುಂದಿಟ್ಟು ಚೌಕಾಸಿ ಮಾಡುವವರು ಇನ್ನೊಂದು ಗುಂಪು. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಇ-ಬೇ ತಾಣ ಕೂಡ ಒಂದು ಕಾಲದಲ್ಲಿ ‘ಸಂಗ್ರಹಯೋಗ್ಯ ಬಾಟಲಿ’ ಎಂಬ ನೆಪದಲ್ಲಿ ತುಂಬಿದ ಬಾಟಲಿಗಳ ಹರಾಜಿಗೆ ಜಾಗ ಕೊಟ್ಟಿತ್ತು. 2012ರಲ್ಲಿ ಅದನ್ನು ನಿಲ್ಲಿಸಿತು.

ಬೇಡಿಕೆಯನ್ನು ಹುಟ್ಟಿಸುವುದು ಬಹುಮಟ್ಟಿಗೆ ಅಂಕಗಳು. 1996ರಲ್ಲಿ ಶುರುವಾದ ಬಿಯರ್‌ಅಡ್ವೊಕೇಟ್ ಎಂಬ ಜಾಲತಾಣ ಮತ್ತು 2010ರ ಅನ್‌ಟ್ಯಾಪ್ಡ್ ಎಂಬ ಮೊಬೈಲ್ ಆ್ಯಪ್ ಇವುಗಳಲ್ಲಿ ಕುಡಿದವರೇ ಅಂಕ ಕೊಡುತ್ತಾರೆ. ಬಿಯರ್‌ಅಡ್ವೊಕೇಟ್‌ನ ಶ್ರೇಣಿಯಲ್ಲಿ ಕೆಲವೇ ಮಂದಿ ಅಂಕ ಕೊಟ್ಟ ಬಿಯರನ್ನು ಒಟ್ಟು ಸರಾಸರಿಯ ಕಡೆಗೆ ಎಳೆಯುವ ಸೂತ್ರವಿದೆ. ಹತ್ತು ಜನ ಐದಕ್ಕೆ ಐದು ಕೊಟ್ಟ ಮಾತ್ರಕ್ಕೆ ಒಂದು ಬಿಯರ್ ಮೊದಲ ಸ್ಥಾನಕ್ಕೆ ಏರಲಾರದು. ಅದು ಸರಿಯಾದ ಎಚ್ಚರಿಕೆಯೇ. ಆದರೆ ಯಾರು ಅಂಕ ಕೊಡುತ್ತಿದ್ದಾರೆ ಎಂಬುದನ್ನು ಆ ಸೂತ್ರ ಕೇಳುವುದಿಲ್ಲ. ಅಯೊವಾ ರಾಜ್ಯದ ಡೆಕೋರಾ ಎಂಬ ಪುಟ್ಟ ಊರಿನಲ್ಲಿ ಟಾಪ್ಲಿಂಗ್ ಗೊಲಾಯತ್ ಕಂಪನಿ ತಯಾರಿಸುವ ಕೆಂಟಕಿ ಬ್ರಂಚ್ ಎಂಬ ಕಾಫಿ ಮತ್ತು ಮೇಪಲ್ ರುಚಿಯ ಸ್ಟೌಟ್ ಆ ಶ್ರೇಣಿಯ ತುದಿಯಲ್ಲಿ ವರ್ಷಗಟ್ಟಲೆ ಇದ್ದದ್ದು. ಅದಕ್ಕಾಗಿ ಡೆಕೋರಾದವರೆಗೆ ಹೋದವರು, ಇಲ್ಲವೇ ಸಾಕಷ್ಟು ಒಳ್ಳೆಯ ಬಾಟಲಿಗಳನ್ನು ಕೊಟ್ಟು ಅದನ್ನು ಪಡೆದವರು ಅಂಕ ಕೊಡುತ್ತಾರೆ. ಸಿಹಿಯಾದ ಗಟ್ಟಿ ಸ್ಟೌಟ್ ಇಷ್ಟವಿಲ್ಲದವನು ಆ ತೊಂದರೆ ತೆಗೆದುಕೊಳ್ಳುವುದೇ ಇಲ್ಲ. ಅಂಗಡಿಯ ಕಪಾಟಿನಲ್ಲಿರುವ ಬಿಯರ್‌ಗಾದರೋ ಇಷ್ಟಪಡುವವನೂ ಪಡದವನೂ ಅಂಕ ಕೊಡುತ್ತಾನೆ. ಆದ್ದರಿಂದ ಅಪರೂಪದ್ದಕ್ಕೂ ಸುಲಭವಾಗಿ ಸಿಗುವುದಕ್ಕೂ ಇರುವ ಅಂಕದ ಅಂತರದಲ್ಲಿ ಒಂದು ಪಾಲು ಬಾಟಲಿಯೊಳಗಿನದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ಇಂಡಿಯಾನಾದ ಮನ್‌ಸ್ಟರ್ ಊರಿನ ತ್ರೀ ಫ್ಲಾಯ್ಡ್ಸ್ ಎಂಬ ಬಿಯರ್ ಕಂಪನಿ ಇದನ್ನು ಇನ್ನೂ ಚೆನ್ನಾಗಿ ಬಲ್ಲದು. ಅವರ ಡಾರ್ಕ್ ಲಾರ್ಡ್ ಸ್ಟೌಟ್‌ಗೆ (ಕಾಫಿ, ಮೆಕ್ಸಿಕೋದ ವೆನಿಲಾ, ಭಾರತದ ಸಕ್ಕರೆ ಹಾಕಿ ಮಾಡಿದ್ದೆಂದು ಅವರೇ ಹೇಳುತ್ತಾರೆ) ವರ್ಷಕ್ಕೊಂದು ಜಾತ್ರೆಯನ್ನೇ ನಡೆಸಿಕೊಂಡು ಬಂದರು. ಅದೇ ಸ್ಟೌಟನ್ನು ಪೀಪಾಯಿಯಲ್ಲಿಟ್ಟು ಮಾಡಿದ ಬಗೆಗಳು ಮಾತ್ರ ಎಲ್ಲರಿಗೂ ಸಿಗುತ್ತಿರಲಿಲ್ಲ, ಚೀಟಿ ಕೆರೆದು ಅದೃಷ್ಟ ಖುಲಾಯಿಸಿದವರಿಗಷ್ಟೇ ಕೊಳ್ಳುವ ಅವಕಾಶ.

ಜನವರಿ

ಹೆಸರು ಮುಚ್ಚಿಟ್ಟು ನಡೆಸಿದ ಪರೀಕ್ಷೆ. ಸುರಿಯುವ ಕೆಲಸವನ್ನು ಬಿಯರ್ ಕುಡಿಯದ ಗೆಳೆಯರೊಬ್ಬರಿಗೆ ಒಪ್ಪಿಸಿದೆವು. ಅವರು ಅಡುಗೆಮನೆಯಲ್ಲಿ ಬಾಟಲಿ ತೆರೆದು, ಕ, ಖ, ಗ, ಘ, ಚ ಎಂದು ಚೀಟಿ ಅಂಟಿಸಿದ ಲೋಟಗಳಲ್ಲಿ ಒಂದೆರಡು ಗುಟುಕಿಗೆ ಸಾಲುವಷ್ಟೇ ಹಾಕಿ ತಂದಿಟ್ಟರು. ಮದ್ಯಾಂಶ ಶೇಕಡಾ 12ರಿಂದ 15ರವರೆಗೆ ಇರುವ ಬಿಯರ್‌ಗಳಿಗೆ ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ಫ್ರಿಜ್ಜಿನಿಂದ ಬಹಳ ಮುಂಚೆಯೇ ತೆಗೆದಿಟ್ಟಿದ್ದೆವು, ಏಕೆಂದರೆ ತೀರಾ ತಣ್ಣಗಿದ್ದಾಗ ಇವುಗಳಲ್ಲಿ ಹುರಿದ ಬಾರ್ಲಿಯ ಕಹಿಯೊಂದೇ ನಾಲಿಗೆಗೆ ತಾಗುತ್ತದೆ.

ಸಾಲಿನಲ್ಲಿದ್ದದ್ದು ಇವು: ಈ ವರ್ಷದ ಬರ್ಬನ್ ಕೌಂಟಿ, 2018ರ ಬರ್ಬನ್ ಕೌಂಟಿ, ಮಿಷಿಗನ್‌ನ ಫೌಂಡರ್ಸ್ ಕಂಪನಿಯ ಕೆಬಿಎಸ್ ಎಂಬ ಕಾಫಿ ಸ್ಟೌಟ್, ಕ್ಯಾಲಿಫೋರ್ನಿಯಾದ ಫೈರ್‌ಸ್ಟೋನ್ ವಾಕರ್ ಕಂಪನಿಯ ಪ್ಯಾರಬೋಲಾ, ಕೊನೆಯದಾಗಿ ನಾವು ಎರಡು ಒಳ್ಳೆಯ ಬಾಟಲಿಗಳನ್ನು ಕೊಟ್ಟು ಪಡೆದ, ವೆನಿಲಾ ಹಾಕಿದ ಒಂದು ‘ವೇಲ್’. ಹವ್ಯಾಸಿಗಳು ಬಹಳ ದಿನ ಬೆನ್ನಟ್ಟುವ ಬಾಟಲಿಗೆ ಅವರಿಟ್ಟಿರುವ ಹೆಸರು ಅದು. ತಯಾರಕರ ಹೆಸರನ್ನು ಬರೆಯುವುದಿಲ್ಲ, ಏಕೆಂದರೆ ಹಲವು ಕೈ ದಾಟಿ ಬಂದ ಬಾಟಲಿಯನ್ನು ಯಾರು ಎಲ್ಲಿ ಎಷ್ಟು ಸೆಕೆಯಲ್ಲಿ ಇಟ್ಟಿದ್ದರೋ ಹೇಳುವಂತಿಲ್ಲ.

‘ಖ’ ಎಲ್ಲರಿಗೂ ಹಿಡಿಸಿತು. ಲೋಟ ಓರೆ ಮಾಡಿದರೆ ಗಾಜಿನ ಮೇಲೆ ಕಂದು ಪದರ ಉಳಿದು ನಿಧಾನವಾಗಿ ಜಾರುತ್ತಿತ್ತು. ನೊರೆ ಹೆಸರಿಗಷ್ಟೇ, ಅಂಚಿನಲ್ಲಿ ಒಂದು ಉಂಗುರ. ವಿಸ್ಕಿಯ ಖಾರ ಅಡಗಿ, ಜೋನಿ ಬೆಲ್ಲದಂಥ ಸಿಹಿ, ಅದರ ಹಿಂದೆ ಒಣ ಅಂಜೂರ, ಕೊನೆಯಲ್ಲಿ ಓಕ್‌ನ ತುಸು ಒಗರು. ಅದು 2018ರ ಬರ್ಬನ್ ಕೌಂಟಿ ಎಂದು ಆಮೇಲೆ ತಿಳಿಯಿತು. ‘ಕ’, ಅಂದರೆ ಅದರ ಈ ವರ್ಷದ ತಮ್ಮ, ಮೂಗಿಗೆ ಹಿಡಿದ ಕೂಡಲೇ ವಿಸ್ಕಿ ರಾಚುವಷ್ಟು ಎಳೆಯದು. ‘ಘ’ ಲೋಟದ ಪ್ಯಾರಬೋಲಾಕ್ಕೆ ಎರಡನೆಯ ಸ್ಥಾನ ಬಂತು. ನನ್ನೊಬ್ಬನ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ, ಸಿಹಿಯನ್ನು ಕಹಿ ಹಿಡಿತದಲ್ಲಿಟ್ಟಿದ್ದ ರೀತಿಗಾಗಿ. ‘ಗ’ ಲೋಟದ ಕೆಬಿಎಸ್ ತೆಳುವೆನಿಸಿದರೂ ಕಾಫಿಯ ಪರಿಮಳ ಅದರಲ್ಲೇ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು.

‘ಚ’ ಲೋಟದಲ್ಲಿ ವೆನಿಲಾ ಬಹುಪಾಲು ಆರಿಹೋಗಿ, ಹಳೆಯ ರಟ್ಟಿನ ವಾಸನೆ, ಸೋಯಾ ಸಾಸ್‌ನ ಉಪ್ಪುಪ್ಪು ರುಚಿ ತಲೆಯೆತ್ತಿತ್ತು. ಗಾಳಿಯ ಆಮ್ಲಜನಕ ಮಾಡಿದ ಕೆಲಸ ಅದು. ಐದರಲ್ಲಿ ಅದಕ್ಕೆ ಕೊನೆಯ ಸ್ಥಾನ. ಚೀಟಿ ತೆಗೆದು ಹೆಸರು ಹೇಳಿದಾಗ ನಮ್ಮಲ್ಲೊಬ್ಬರು ಲೋಟವನ್ನು ಮತ್ತೆ ಮೂಗಿಗೆ ಹಿಡಿದು, “ಈಗ ಬಿಸಿಯಾದ ಮೇಲೆ ಬೇರೆಯೇ ಇದೆ ಕಣಯ್ಯ, ಅರ್ಧ ಅಂಕ ಸೇರಿಸು” ಎಂದರು. ಸೇರಿಸಲಿಲ್ಲ, ಆದರೆ ಹೆಸರು ತಿಳಿದ ಮೇಲಿನ ಅಂಕವೆಂದು ಪಕ್ಕದಲ್ಲಿ ಬೇರೆ ಕಾಲಂ ಹಾಕಿದೆವು. ಈ ಹೊಸ ಕಾಲಮ್ಮಿನಲ್ಲಿ ‘ಚ’ ಮೂರನೆಯ ಸ್ಥಾನಕ್ಕೆ ಏರಿದೆ, ಕೆಬಿಎಸ್ ಕೊನೆಗೆ ಇಳಿದಿದೆ.

ಫೆಬ್ರವರಿ

ಕೆಬಿಎಸ್‌ನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಏಕೆಂದರೆ ಅಪರೂಪ ಎಂಬ ಗುಣವನ್ನು ಮಾತ್ರ ತೆಗೆದುಹಾಕಿ ನೋಡುವ ಪ್ರಯೋಗವನ್ನು ನಮಗಾಗಿ ಮಾರುಕಟ್ಟೆಯೇ ಮಾಡಿಟ್ಟಿದೆ. ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ಕೆಳಗಿನ ಹಳೆಯ ಜಿಪ್ಸಂ ಗಣಿಗಳ ತಂಪಿನಲ್ಲಿ ಪೀಪಾಯಿಗಳನ್ನಿಟ್ಟು ಮಾಡುವ ಈ ಕಾಫಿ ಸ್ಟೌಟ್ ವರ್ಷಕ್ಕೊಮ್ಮೆ ಮಾತ್ರ ಬರುತ್ತಿದ್ದ ಕಾಲದಲ್ಲಿ ಅಂಗಡಿಯವರು ಒಬ್ಬರಿಗೆ ಇಂತಿಷ್ಟೇ ಎಂದು ಕೊಡುತ್ತಿದ್ದರು, ಅದಕ್ಕೂ ಸರತಿ ಸಾಲು. ತಯಾರಿಕೆ ಹೆಚ್ಚಿದಂತೆ ಸಾಲು ಕರಗಿತು. 2020ರಿಂದ ವರ್ಷಪೂರ್ತಿ ಸಿಗತೊಡಗಿತು. ಈಗ ಯಾರೂ ಅದನ್ನು ಬದಲಿಗೆ ಕೇಳುವುದಿಲ್ಲ. ಒಂದು ಕಾಲದಲ್ಲಿ ಅದಕ್ಕಾಗಿ ಹಾತೊರೆದವರೇ ಈಗ “ಮೊದಲಿನಷ್ಟು ಚೆನ್ನಾಗಿಲ್ಲ” ಎನ್ನುತ್ತಾರೆ. ಇರಬಹುದು, ಆದರೆ ಹೆಸರು ತಿಳಿಯುವ ಮುಂಚಿನ ಮತ್ತು ಆಮೇಲಿನ ನಮ್ಮ ಅಂಕಗಳ ಅಂತರವನ್ನು ನೋಡಿದ ಮೇಲೆ ಆ ಮಾತನ್ನು ಹಾಗೆಯೇ ನಂಬಲು ನನಗೆ ಮನಸ್ಸಿಲ್ಲ.

ಇನ್ನೊಂದು ಸಂಗತಿಯೂ ಈ ತಿಂಗಳು ಸ್ಪಷ್ಟವಾಯಿತು. ಕಾಫಿ, ವೆನಿಲಾ ಮುಂತಾದವನ್ನು ಹಾಕಿದ ಸ್ಟೌಟ್ ಹೊಸದಾಗಿದ್ದಾಗಲೇ ಚೆನ್ನ. ತಿಂಗಳುಗಳು ಉರುಳಿದಂತೆ ಕಾಫಿಯ ಪರಿಮಳ ಕುಂದಿ ಒಮ್ಮೊಮ್ಮೆ ಹಸಿ ಮೆಣಸಿನಕಾಯಿಯ ವಾಸನೆಗೆ ತಿರುಗುತ್ತದೆ. ಆದರೆ ಅದೇ ಅವಧಿಯಲ್ಲಿ ಉಳಿದ ಬಾಟಲಿಗಳನ್ನು ಜನ ಕುಡಿದು ಮುಗಿಸುತ್ತಿರುತ್ತಾರೆ, ಇದ್ದವು ವಿರಳವಾಗುತ್ತವೆ, ಬದಲಿಗೆ ಕೇಳುವ ಬೆಲೆ ಏರುತ್ತದೆ. ಅಂದರೆ ಯಾವ ಬಗೆಯ ಸ್ಟೌಟನ್ನು ಹವ್ಯಾಸಿಗಳು ಅತಿ ಹೆಚ್ಚು ಬೆನ್ನಟ್ಟುತ್ತಾರೋ ಅದರಲ್ಲೇ ರುಚಿ ಇಳಿಯುವಾಗ ಬೆಲೆ ಏರುವುದು. ಏನನ್ನೂ ಹಾಕದ, ಪೀಪಾಯಿಯೊಂದನ್ನೇ ನಂಬಿದ ಸ್ಟೌಟ್ ವಯಸ್ಸನ್ನು ತಾಳಿಕೊಳ್ಳುತ್ತದೆ, ಆದರೆ ಅದಕ್ಕೆ ಅಷ್ಟು ಬೇಡಿಕೆಯಿಲ್ಲ. 2018ರ ಆ ಬಾಟಲಿ ನಮಗೆ ಹೆಚ್ಚುಕಡಿಮೆ ಅಂಗಡಿ ಬೆಲೆಗೇ ಸಿಕ್ಕಿತ್ತು.

ಹಳೆಯದೆಲ್ಲ ಸುರಕ್ಷಿತ ಎಂದೂ ಅಲ್ಲ. 2015ರ ಬರ್ಬನ್ ಕೌಂಟಿಯ ಕೆಲವು ಬಗೆಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಅಸೆಟೊಟಾಲೆರನ್ಸ್ ಎಂಬ, ಅಷ್ಟು ಮದ್ಯಾಂಶದಲ್ಲೂ ಬದುಕುವ ಬ್ಯಾಕ್ಟೀರಿಯಾ ಸೇರಿ ಹುಳಿ ಬಂದಿತ್ತು. ಕಂಪನಿ ಹಣ ಹಿಂದಿರುಗಿಸಿತು, 2016ರಿಂದ ಪಾಶ್ಚರೀಕರಣವನ್ನು, ಅಂದರೆ ಬಿಸಿಮಾಡಿ ಸೂಕ್ಷ್ಮಾಣುಗಳನ್ನು ಕೊಲ್ಲುವುದನ್ನು, ಆರಂಭಿಸಿತು. ಆದ್ದರಿಂದ ಆ ವರ್ಷದ ಬಾಟಲಿಯನ್ನು ಯಾರಾದರೂ ಕೊಡಲು ಬಂದರೆ ನಾವು ಒಪ್ಪುತ್ತಿಲ್ಲ.

ಮುಂದಿನ ಹಂತ

ಕ್ಯಾಲಿಫೋರ್ನಿಯಾದ ಟ್ರಕೀ ಊರಿನ ಫಿಫ್ಟಿಫಿಫ್ಟಿ ಕಂಪನಿ ಎಕ್ಲಿಪ್ಸ್ ಎಂಬ ಒಂದೇ ಸ್ಟೌಟನ್ನು ಬೇರೆ ಬೇರೆ ವಿಸ್ಕಿಗಳ ಪೀಪಾಯಿಗಳಲ್ಲಿಟ್ಟು, ಬಾಟಲಿಯ ಬಾಯಿಗೆ ಒಂದೊಂದಕ್ಕೆ ಒಂದೊಂದು ಬಣ್ಣದ ಮೇಣ ಹಾಕಿ ಮಾರುತ್ತಾ ಬಂದಿದೆ. ಎಲಾಯ್ಜಾ ಕ್ರೇಗ್ ಬರ್ಬನ್ನಿನ ಪೀಪಾಯಿಯದು ಒಂದು, ರಿಟನ್‌ಹೌಸ್ ರೈ ವಿಸ್ಕಿಯದು (ರೈ ಎಂಬ ಧಾನ್ಯದಿಂದ ಮಾಡುವ ವಿಸ್ಕಿ) ಇನ್ನೊಂದು. ಇವೆರಡೂ ಒಂದೇ ವರ್ಷದವು ಸಿಕ್ಕಿದರೆ, ಸ್ಟೌಟ್ ಒಂದೇ ಆಗಿರುವುದರಿಂದ, ಪೀಪಾಯಿಯ ಪಾಲನ್ನು ಬೇರ್ಪಡಿಸಿ ನೋಡಬಹುದು. ಮೊದಲನೆಯದು ಸಿಕ್ಕಿದೆ. ರೈ ಪೀಪಾಯಿಯದಕ್ಕೆ ಓರೆಗಾನ್‌ನವರೊಬ್ಬರು ಪ್ಯಾರಬೋಲಾ ಕೇಳುತ್ತಿದ್ದಾರೆ, ನಮ್ಮಲ್ಲಿ ಉಳಿದಿರುವುದು ಒಂದೇ ಬಾಟಲಿ. ಕೊಡುವುದೋ ಬೇಡವೋ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ. ನನ್ನ ಮತ ಬೇಡವೆಂಬ ಕಡೆಗೆ.