ಸ್ಟಾಕ್ ಸೊನ್ನೆ, ಆದರೂ ಆರ್ಡರ್ ಪಾಸ್: ಕೊನೆಗೂ ಬಗ್ ಸಿಕ್ಕಿತು

ಮೂರು ರಾತ್ರಿ ನಿದ್ದೆ ಕೆಡಿಸಿದ ಬಗ್ ನಿನ್ನೆ ಕೈಗೆ ಸಿಕ್ಕಿತು! ನಾನು ಕಟ್ತಿರೋ ಆನ್‌ಲೈನ್ ಟೀ-ಶರ್ಟ್ ಅಂಗಡಿಯಲ್ಲಿ ಕ್ಯಾಟಲಾಗ್, ಲಾಗಿನ್, ಕಾರ್ಟ್ ಎಲ್ಲ ಮುಗಿದಿದೆ, ಆ ಕಥೆ ಬೇಡ. ತಲೆ ತಿಂದದ್ದು ಸ್ಟಾಕ್ ಒಂದೇ.

ಅಂಗಡಿಯ ಡೇಟಾ ಎಲ್ಲ ಮಾಂಗೋಡಿಬಿ ಅನ್ನೋ ಡಾಕ್ಯುಮೆಂಟ್ ಡೇಟಾಬೇಸ್‌ನಲ್ಲಿದೆ. ಒಂದು ಟೀ-ಶರ್ಟಿಗೆ ಒಂದು ಡಾಕ್ಯುಮೆಂಟ್ (ಅಂದರೆ ಒಂದು ದಾಖಲೆ), ಅದರೊಳಗೆ ಸೈಜುಗಳ ಅರೇ, ಅಂದರೆ ಪಟ್ಟಿ; ಪ್ರತಿ ಸೈಜಿನ ಜೊತೆ ಅದರ ಸ್ಟಾಕ್. ಮೊದಲು ಓದಿ ಆಮೇಲೆ ಬರೆದರೆ ಕೊನೇ ಪೀಸ್ ಇಬ್ಬರಿಗೆ ಹೋಗುತ್ತೆ ಅಂತ, 'ಸ್ಟಾಕ್ ಕನಿಷ್ಠ 1 ಇದ್ದರೆ ಒಂದು ಕಳೆ' ಅನ್ನೋದನ್ನ ಒಂದೇ ಅಪ್‌ಡೇಟ್‌ನಲ್ಲಿ ಇಟ್ಟಿದ್ದೆ. ಒಂದೇ ಡಾಕ್ಯುಮೆಂಟಿನ ಅಪ್‌ಡೇಟ್ ಹೇಗೂ ಅಟಾಮಿಕ್, ಅಂದರೆ ನಡುವೆ ಬೇರೆ ಯಾರೂ ನುಗ್ಗೋಕಾಗಲ್ಲ; ಹಲವು ಬದಲಾವಣೆಗಳನ್ನ ಒಟ್ಟಿಗೆ ಕಟ್ಟೋ ಟ್ರಾನ್ಸಾಕ್ಷನ್ ಬೇಕಿಲ್ಲ. ಆದರೂ ಹಸಿರು ಟೀ-ಶರ್ಟಿನಲ್ಲಿ ಎಸ್ 4, ಎಂ 0, ಎಲ್ 7 ಇದ್ದಾಗ ಎಂ ಆರ್ಡರ್ ಸಲೀಸಾಗಿ ಪಾಸಾಯ್ತು. ಡಾಕ್ಯುಮೆಂಟ್ ತೆರೆದರೆ ಎಂ ಹಾಗೇ 0, ಎಸ್ ಮಾತ್ರ 3ಕ್ಕೆ ಇಳಿದಿದೆ!

ಒಟ್ಟಿಗೆ ಬರೋ ಆರ್ಡರುಗಳ ಜಗಳ ಅಂದುಕೊಂಡು ಎರಡು ರಾತ್ರಿ ಅಲ್ಲೇ ಹುಡುಕಿದೆ. ಮೂರನೇ ರಾತ್ರಿ ಒಂದೇ ಒಂದು ಆರ್ಡರ್ ಕಳಿಸಿದೆ. ಅದೇ ತಪ್ಪು. ಅಂದರೆ ದೋಷ ಕ್ವೆರಿಯಲ್ಲೇ, ಡೇಟಾಬೇಸಿಗೆ ಕೇಳೋ ಷರತ್ತುಗಳಲ್ಲೇ ಇದೆ.

'ಸೈಜ್ ಎಂ' ಒಂದು ಷರತ್ತು, 'ಸ್ಟಾಕ್ ಕನಿಷ್ಠ 1' ಇನ್ನೊಂದು. ಬಿಡಿಬಿಡಿಯಾಗಿ ಬರೆದರೆ ಎರಡೂ ಅರೇಯ ಒಂದೇ ಅಂಶದಲ್ಲಿ ಕೂಡಿಬರಬೇಕು ಅಂತೇನಿಲ್ಲ. ಮೊದಲನೆಯದಕ್ಕೆ ಎಂ ಸಿಕ್ಕಿತು, ಎರಡನೆಯದಕ್ಕೆ ಎಸ್ ಸಾಕಾಯ್ತು. ಹೀಗಾದಾಗ ಅಪ್‌ಡೇಟ್‌ನಲ್ಲಿ 'ಷರತ್ತಿಗೆ ಸಿಕ್ಕ ಅಂಶ' ಅನ್ನೋದಕ್ಕೆ ಬರೆಯೋ ಡಾಲರ್ ಚಿಹ್ನೆ ಯಾವ ಅಂಶವನ್ನ ತೋರಿಸುತ್ತೆ ಅನ್ನೋದಕ್ಕೆ ಖಾತ್ರಿಯೇ ಇಲ್ಲ. ಎಲ್ಲ ಷರತ್ತೂ ಒಂದೇ ಅಂಶದಲ್ಲಿ ಕೂಡಿಬರಬೇಕು ಅನ್ನೋ ಎಲೆಮ್‌ಮ್ಯಾಚ್ ಒಳಗೆ ಎರಡನ್ನೂ ಹಾಕಿದೆ, ಅಷ್ಟೇ. ಎಂ ಸ್ಟಾಕ್ 1 ಇಟ್ಟು 50 ಆರ್ಡರ್ ಒಟ್ಟಿಗೆ ಬಿಟ್ಟೆ: ಒಂದು ಪಾಸ್, 49 ವಾಪಸ್. ಆ ಲಾಗನ್ನ ಮತ್ತೆ ಮತ್ತೆ ನೋಡಿದೆ, ಅಷ್ಟು ಖುಷಿ.

ಇನ್ನು ಸಪ್ಲೈಯರ್ ಕಳಿಸೋ ಶೀಟ್. ಅದರಲ್ಲಿ ಅರ್ಧ ಸಂಖ್ಯೆಗಳು ಟೆಕ್ಸ್ಟ್ ಆಗಿ ಬರ್ತವೆ. "12" ಅಂತ ಸ್ಟ್ರಿಂಗ್ ಕೂತರೆ 'ಕನಿಷ್ಠ 1' ಅನ್ನೋ ಹೋಲಿಕೆಗೆ ಅದು ಸಿಗೋದೇ ಇಲ್ಲ. ಮಾಲು ಇದ್ದೂ ಸೈಟಿನಲ್ಲಿ 'ಸ್ಟಾಕ್ ಇಲ್ಲ'. ಎರಡು ಸಲ ಹೇಳಿದೆ, ಮೂರನೇ ಶೀಟೂ ಹಾಗೇ ಬಂತು. ಈಗ ಕಲೆಕ್ಷನ್ನಿಗೇ (ಡಾಕ್ಯುಮೆಂಟುಗಳ ಗುಂಪಿಗೇ) ಸ್ಕೀಮಾ ವ್ಯಾಲಿಡೇಷನ್, ಅಂದರೆ ಡೇಟಾ ಹೇಗಿರಬೇಕು ಅನ್ನೋ ನಿಯಮದ ತಪಾಸಣೆ ಹಾಕಿದ್ದೀನಿ, ಸ್ಟಾಕ್ ಪೂರ್ಣಾಂಕ ಅಲ್ಲದಿದ್ದರೆ ಒಳಗೇ ಬಿಡಲ್ಲ. ಡಾಕ್ಯುಮೆಂಟ್ ಡೇಟಾಬೇಸ್ ಅಂದರೆ ಸ್ಕೀಮಾ ಬೇಡ ಅನ್ನೋರ ಮಾತು ನಾನಂತೂ ಒಪ್ಪಲ್ಲ.

ಮುಂದಿನ ಪ್ರಾಜೆಕ್ಟ್ ಪುಸ್ತಕ ಎರವಲು ಕೊಡೋ ಆ್ಯಪ್. ಒಂದು ಪುಸ್ತಕ, ಹತ್ತು ಪ್ರತಿ, ಅಲ್ಲೂ ಇದೇ ಅರೇ, ಇದೇ ಎಲೆಮ್‌ಮ್ಯಾಚ್. ನೋಟ್‌ಬುಕ್ಕಿನಲ್ಲಿ ಆಗಲೇ ಚಿತ್ರ ಬರೆದಿಟ್ಟಿದ್ದೀನಿ.

ಅದಕ್ಕೂ ಮೊದಲು ಅರ್ಧಕ್ಕೇ ಬಿಟ್ಟುಹೋದ ಕಾರ್ಟುಗಳ ಕೆಲಸ ಬಾಕಿ ಇದೆ. ಅವಧಿ ಮುಗಿದ ಡಾಕ್ಯುಮೆಂಟನ್ನ ತಾನೇ ತೆಗೆಯೋ ಟಿಟಿಎಲ್ ಇಂಡೆಕ್ಸ್ ಹಳೇ ಕಾರ್ಟನ್ನ ಅಳಿಸುತ್ತೆ, ಅದರಲ್ಲಿ ಹಿಡಿದಿಟ್ಟ ಸ್ಟಾಕನ್ನ ವಾಪಸ್ ಸೇರಿಸೋ ಕೋಡ್ ನಾನೇ ಬರೀಬೇಕು. ಇವತ್ತು ರಾತ್ರಿ ಅದಕ್ಕೆ ಕೂರ್ತೀನಿ.