ಬೆಲೆ ಹೇಳುವ ಹೊತ್ತು

ಕಳೆದ ತಿಂಗಳು ನನ್ನ ಹನ್ನೊಂದನೆಯ ಶ್ರೀರಾಮ ಪಟ್ಟಾಭಿಷೇಕವನ್ನು ಮುಗಿಸಿದೆ. ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಕಲೆಯನ್ನೇ ಜೀವನೋಪಾಯವಾಗಿ ಮಾಡಿಕೊಂಡವನಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಲಕ್ಷ್ಮಿ, ಸರಸ್ವತಿ, ಪಟ್ಟಾಭಿಷೇಕಗಳೇ ನಮ್ಮ ಮನೆ ನಡೆಸುವ ಚಿತ್ರಗಳು. ಆದರೆ ಈ ಸಲ ಸಿಂಹಾಸನದ ಪ್ರಭಾವಳಿಗೆ ಗೆಸ್ಸೋ (ಚಿನ್ನದ ಕೆಳಗೆ ಉಬ್ಬಿಸಿ ಎಳೆಯುವ ಲೇಪ) ಕೆಲಸ ಮಾಡುತ್ತಿದ್ದಾಗ, ಅಷ್ಟು ಹೊತ್ತೂ ನಾನು ಗ್ಯಾಸ್ ಸಿಲಿಂಡರ್ ಯಾವತ್ತು ಮುಗಿಯಬಹುದೆಂದು ಲೆಕ್ಕ ಹಾಕುತ್ತಿದ್ದೆನೆಂಬುದು ಥಟ್ಟನೆ ಅರಿವಿಗೆ ಬಂತು. ಕೈ ತನ್ನ ಪಾಡಿಗೆ ತಾನು ಬಳ್ಳಿಗಳನ್ನು ಬಿಡಿಸಿತ್ತು. ಒಂದು ಗೆರೆಯೂ ತಪ್ಪಿರಲಿಲ್ಲ. ತಪ್ಪಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲ.

ಈ ಶೈಲಿಯಲ್ಲಿ ಅವಸರಕ್ಕೆ ಜಾಗವಿಲ್ಲ. ಹಲಗೆಗೆ ಬಟ್ಟೆ ಅಂಟಿಸಿ ಹದಗೊಳಿಸಬೇಕು, ರೇಖೆಗಳನ್ನು ಕೂರಿಸಬೇಕು, ಸಫೇದ (ಬಿಳಿ ಸೀಸದ ಪುಡಿ), ಮಕ್ಕಿ (ಹಳದಿ ಮರದಂಟು) ಮತ್ತು ಗೋಂದುಗಳನ್ನು ಅರೆದ ಗೆಸ್ಸೋವನ್ನು ಸಣ್ಣ ಕುಂಚದಿಂದ ಸ್ವಲ್ಪವೇ ಉಬ್ಬುವಂತೆ ಎಳೆದು, ಅದರ ಮೇಲೆ ಚಿನ್ನದ ರೇಕು ಕೂರಿಸಬೇಕು. ತಂಜಾವೂರಿನ ಚಿತ್ರಗಳಂತೆ ಉಬ್ಬು ದಪ್ಪವಾದರೆ ನಮ್ಮಲ್ಲಿ ಅದು ಸೊಗಸಲ್ಲ, ದೋಷ. ಹೊಸದಾಗಿ ಕಲಿಯುವಾಗ ಇಷ್ಟೂ ಕೆಲಸ ಧ್ಯಾನದ ಹಾಗಿತ್ತು. ಇಪ್ಪತ್ತು ವರ್ಷ ಕಳೆದ ಮೇಲೆ ಕೈಗೆ ಮನಸ್ಸಿನ ಹಂಗೇ ಇಲ್ಲವಾಗಿದೆ. ಮನಸ್ಸು ಪಕ್ಕದಲ್ಲಿ ಕುಳಿತು, 'ನೀನು ಕಲಾವಿದನೋ, ಅಚ್ಚಿನ ಯಂತ್ರವೋ' ಎಂದು ಕೇಳುತ್ತಿರುತ್ತದೆ.

ಹಾಗಿದ್ದರೆ ಸ್ವಂತದ್ದನ್ನು ಬರೆಯಬಹುದಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ಬರೆಯುತ್ತೇನೆ. ಅಗ್ರಹಾರದ ಹಳೆಯ ಮನೆಗಳ ಜಗಲಿಗಳನ್ನು ಜಲವರ್ಣದಲ್ಲಿ ಹಿಡಿಯಲು ನಾಲ್ಕು ವರ್ಷಗಳಿಂದ ಪ್ರಯತ್ನಿಸುತ್ತಿದ್ದೇನೆ, ಮತ್ತು ಅಲ್ಲಿ ಇದೇ ಕೈ ಮರಗಟ್ಟುತ್ತದೆ. ದೇವರ ಚಿತ್ರದಲ್ಲಿ ಎಲ್ಲಿ ಏನಿರಬೇಕೆಂದು ಪರಂಪರೆ ಹೇಳಿಕೊಟ್ಟಿರುತ್ತದೆ. ಖಾಲಿ ಹಾಳೆಯ ಮುಂದೆ ಹೇಳುವವರು ಯಾರೂ ಇಲ್ಲ. ಬೆಳಿಗ್ಗೆ ಚೆನ್ನಾಗಿದೆ ಎನ್ನಿಸಿದ್ದು ಸಂಜೆಗೆ ನಾಚಿಕೆ ತರಿಸುತ್ತದೆ. ಆ ಚಿತ್ರಗಳೆಲ್ಲ ಗೋಡೆಯ ಕಡೆಗೆ ಮುಖ ಮಾಡಿ ನಿಂತಿವೆ, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹುಡುಗರ ಹಾಗೆ.

ಇಷ್ಟನ್ನೂ ಸಹಿಸಬಹುದು. ನನ್ನನ್ನು ನಿಜವಾಗಿ ಕಂಗೆಡಿಸುವುದು ಬೆಲೆ ಹೇಳುವ ಹೊತ್ತು. ಚಿನ್ನದ ರೇಕು, ಬಣ್ಣ, ಚೌಕಟ್ಟುಗಳ ಖರ್ಚನ್ನು ಪೈಸೆ ಬಿಡದೆ ಬರೆದಿಟ್ಟಿರುತ್ತೇನೆ, ನನ್ನ ದಿನಗಳ ಕೂಲಿಯ ಸಾಲಿಗೆ ಬಂದಾಗ ಮಾತ್ರ ಪೆನ್ನು ನಿಲ್ಲುತ್ತದೆ. ಗಿರಾಕಿ ಚೌಕಾಸಿ ಆರಂಭಿಸುವ ಮೊದಲೇ ನನ್ನೊಳಗೊಬ್ಬ ಚೌಕಾಸಿ ಮುಗಿಸಿರುತ್ತಾನೆ. ಬೆಂಗಳೂರಿನ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಬದಿಗೆ ಕುಳಿತಾಗಲೂ ಅಷ್ಟೇ. ಯಾರಾದರೂ ಹತ್ತಿರ ಬಂದು ನಿಂತರೆ ಸಂತೋಷಕ್ಕಿಂತ ಮೊದಲು ಕ್ಷಮೆ ಕೇಳುವಂಥ ನಗು ಮುಖದ ಮೇಲೆ ಬಂದುಬಿಡುತ್ತದೆ.

ಆಗೆಲ್ಲ ಕೆ. ವೆಂಕಟಪ್ಪನವರು ನೆನಪಾಗುತ್ತಾರೆ. ಬಂಗಾಳದ ಚಿತ್ರಕಾರ ಅವನೀಂದ್ರನಾಥ ಟಾಗೋರರ ಶಿಷ್ಯರಾಗಿದ್ದ, ಊಟಿ ಮತ್ತು ಕೊಡೈಕನಾಲ್‌ಗಳ ಮಂಜನ್ನು ಜಲವರ್ಣದಲ್ಲಿ ಹಿಡಿದ, ವೀಣೆಗೂ ಅಷ್ಟೇ ನಿಷ್ಠೆಯಿಂದ ತಮ್ಮನ್ನು ಕೊಟ್ಟುಕೊಂಡ ಆ ಮನುಷ್ಯ (1886–1965) ತಮ್ಮ ಕೆಲಸದ ವಿಷಯದಲ್ಲಿ ಮೈಸೂರು ಅರಮನೆಯ ಮೇಲೆಯೇ ನ್ಯಾಯಾಲಯಕ್ಕೆ ಹೋದವರು. ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯಲ್ಲಿ ಆ ಚಿತ್ರಗಳ ಎದುರು ನಿಂತಾಗ, ಅವರ ಕೌಶಲಕ್ಕಿಂತ ಆ ಧೈರ್ಯದ ಬಗ್ಗೆಯೇ ನನಗೆ ಹೆಚ್ಚು ಹೊಟ್ಟೆಕಿಚ್ಚಾಗುತ್ತದೆ. ಕೌಶಲವನ್ನಾದರೂ ಅಭ್ಯಾಸದಿಂದ ಗಳಿಸಬಹುದೇನೋ.

ಈ ಸಲದ ಪಟ್ಟಾಭಿಷೇಕಕ್ಕೆ, ರಾತ್ರಿಯೆಲ್ಲ ನಿದ್ದೆಗೆಟ್ಟು, ಎಂದಿಗಿಂತ ಐದು ಸಾವಿರ ಹೆಚ್ಚು ಹೇಳಿದೆ. ಗಿರಾಕಿ ಮರುಮಾತಿಲ್ಲದೆ ಒಪ್ಪಿ, 'ನಿಮ್ಮ ಕೈಲಿ ದೇವರಿದ್ದಾನೆ ಸಾರ್' ಎಂದು ಕೈಮುಗಿದರು. ಸಿಲಿಂಡರಿನ ಲೆಕ್ಕ ಹಾಕುತ್ತ ಎಳೆದ ಆ ಪ್ರಭಾವಳಿಯನ್ನು ಅವರು ಬಹಳ ಹೊತ್ತು ನೋಡುತ್ತಲೇ ಇದ್ದರು. ಅವರಿಗೆ ಮೋಸ ಮಾಡಿದೆನೆಂದು ಎರಡು ದಿನ ಕೊರಗಿದೆ. ಮೂರನೆಯ ದಿನ, ಇನ್ನೂ ಐದು ಸಾವಿರ ಕೇಳಬಹುದಿತ್ತಲ್ಲ ಎನ್ನಿಸಿತು.