ಕೆರೆಗೆ ಮುಖ ಮಾಡಿದ ಮನೆ

ಮಗಳು ಇರುವುದು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಕ್ಯಾಜೆನೋವಿಯಾ ಅನ್ನುವ ಪುಟ್ಟ ಊರು. ಪೇಟೆ ಬೀದಿ ದಾಟಿದರೆ ನೀರು. ಸುಮಾರು ಆರು ಕಿಲೋಮೀಟರ್ ಉದ್ದ ಇದೆ, ಸರೋವರ ಅಂತಲೇ ಬರೆಯಬೇಕೇನೋ. ಆದರೆ ದಡದ ಪಾರ್ಕಿನಲ್ಲಿ ನೆರಳಿಗೆ ಕೂತು ಮೊಸರನ್ನದ ಡಬ್ಬಿ ಬಿಚ್ಚಿದ ಮೇಲೆ ನನ್ನ ಬಾಯಲ್ಲಿ ಅದು ಕೆರೆಯೇ ಆಯಿತು.

ಊಟ ಮುಗಿಸಿ ಲೊರೆಂಜೊ ಕಡೆ ಹೊರಟೆವು. ಅದು ಮನೆಯ ಹೆಸರು. ಕಟ್ಟಿಸಿದವರು ಜಾನ್ ಲಿಂಕ್ಲೇನ್. ಡಚ್ ನೌಕಾಪಡೆಯಲ್ಲಿದ್ದವರು, ಅಮೆರಿಕದಲ್ಲಿ ಜಮೀನು ಕೊಂಡು ಮಾರುತ್ತಿದ್ದ ಹಾಲೆಂಡ್ ಲ್ಯಾಂಡ್ ಕಂಪನಿಯ ಏಜೆಂಟಾಗಿ ಬಂದು 1793ರಲ್ಲಿ ಈ ಊರು ಹುಟ್ಟುಹಾಕಿದರು. ಅದಕ್ಕೂ ಮುಂಚೆ ಇದು ಅಲ್ಲಿನ ಮೂಲನಿವಾಸಿಗಳಾದ ಒನೈಡಾ ಜನರ ನೆಲ. ಮನೆಯ ವೈಭವ ನೋಡುವಾಗ ಅದನ್ನು ಮರೆಯಬಾರದು.

ಮನೆ ಕೆಲಸ ಶುರುವಾಗಿದ್ದು 1807ರಲ್ಲಿ. ಇಟ್ಟಿಗೆ ಗೋಡೆ, ಮುಂಭಾಗದಲ್ಲಿ ಬಿಳಿ ಕಮಾನುಗಳು. ಕೆರೆಯ ದಕ್ಷಿಣದ ತುದಿಗೆ, ದಿಣ್ಣೆಯ ಮೇಲಿದೆ. ಎದುರಿಗೆ ಹುಲ್ಲು ಇಳಿಜಾರಾಗಿ ಹೋಗುತ್ತದೆ, ಆಚೆ ನೀರು ಉದ್ದಕ್ಕೆ ಮಲಗಿದೆ. ಸುಮ್ನೆ ನೋಡುತ್ತ ನಿಂತುಬಿಟ್ಟೆ.

ಲಿಂಕ್ಲೇನ್ ದಂಪತಿಗೆ ಮಕ್ಕಳಿರಲಿಲ್ಲ. ಹೆಂಡತಿಯ ತಮ್ಮನನ್ನೇ ದತ್ತು ತೆಗೆದುಕೊಂಡರು. ನಮ್ಮ ಕಡೆಯ ಕಥೆ ಕೇಳಿದ ಹಾಗೇ ಇದೆ, ಅಲ್ವಾ? 1968ರವರೆಗೂ ಮನೆ ಆ ಕುಟುಂಬದ ಕೈಯಲ್ಲೇ ಇತ್ತು. ಆಮೇಲೆ ರಾಜ್ಯ ಸರ್ಕಾರಕ್ಕೆ ಹೋಯಿತು. ಒಳಗಿರುವ ಮೇಜು, ಕುರ್ಚಿ, ಚಿತ್ರಗಳು ಜಾಸ್ತಿ ಪಾಲು ಅದೇ ಮನೆಯವರು ಬಳಸಿದವು. ತಲೆಮಾರಿನ ಮೇಲೆ ತಲೆಮಾರು ಬಿಸಾಡದೆ ಇಟ್ಟುಕೊಂಡಿದ್ದು. ಒಂದು ಕುರ್ಚಿಯ ಕೈ ಸವೆದು ಹೊಳೆಯುತ್ತಿತ್ತು. ಬಣ್ಣ ಹೋದ ಜಾಗದಲ್ಲಿ ಮರದ ಗೆರೆ ಕಾಣುತ್ತಿತ್ತು.

ನನಗೆ ಅಜ್ಜನ ತೊಟ್ಟಿಮನೆ ನೆನಪಾಯಿತು. ಪಾಲಾದ ವರ್ಷ ಹಲಸಿನ ಕಂಬಗಳನ್ನು ಕಿತ್ತು ಮಾರಿದರು. ಅಜ್ಜ ಒರಗಿ ಕೂರುತ್ತಿದ್ದ ಕಂಬದಲ್ಲಿ, ಅವರ ಬೆನ್ನು ತಾಗುವ ಎತ್ತರಕ್ಕೆ, ಎಣ್ಣೆ ಹಚ್ಚಿದ ಹಾಗೆ ಹೊಳಪಿತ್ತು. ಲಾರಿಗೆ ಏರಿಸುವಾಗ ಅದನ್ನೇ ನೋಡುತ್ತಿದ್ದೆ. ಬೇಡ ಅಂತ ಹೇಳುವ ವಯಸ್ಸು ನನ್ನದಲ್ಲ. ಹೇಳಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ಮಗಳಿಗೆ ಆ ಕಂಬದ ವಿಷಯ ಹೇಳಿದ್ದು ಅವತ್ತೇ ಮೊದಲು.

ಹಿತ್ತಲಲ್ಲಿ ಎಲೆನ್ ಶಿಪ್‌ಮನ್ ಎಂಬ ಹೆಸರಾಂತ ತೋಟ ವಿನ್ಯಾಸಕಿ ರೂಪಿಸಿದ ಹೂದೋಟವಿದೆ. ಚೆನ್ನಾಗಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರಾಚೆಯ ಮರಗಳ ಓಣಿ. ‘ಡಾರ್ಕ್ ಐಲ್’ ಅಂತಾರೆ. 1850ರ ದಶಕದಲ್ಲಿ ನೆಟ್ಟಿದ್ದಂತೆ. ಎರಡೂ ಕಡೆ ಎತ್ತರದ ಮರಗಳು, ನಡುಹಗಲಲ್ಲೂ ಕತ್ತಲು, ಒಳಗೆ ಕಾಲಿಟ್ಟರೆ ತಂಪು. ಮೊಮ್ಮಗಳು ಒಂದು ಕಾಂಡಕ್ಕೆ ಬೆನ್ನು ಕೊಟ್ಟು ಕೂತಳು. ಎಬ್ಬಿಸಲು ಮನಸ್ಸಾಗಲಿಲ್ಲ. ನಾನೂ ಪಕ್ಕದಲ್ಲಿ ಒರಗಿ ಕೂತೆ.